ಕೆರೆಯ ಗಿಡ ತೊಳೆದ ಕೈ

ಮೀನು ಸತ್ತಿದ್ದು ನನ್ನ ಕೈಯಿಂದಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನಾನು ಓದಿದ್ದು ಮೂರನೇ ಕ್ಲಾಸು. ಸುತ್ತಿ ಬಳಸಿ ಬರೆಯುವ ವಿದ್ಯೆ ನನಗಿಲ್ಲ.

ಮೊನ್ನೆ ನನ್ನ ಮೊಮ್ಮಗಳು ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ನೀರುಗಿಡ ತಂದು, ಬಕೆಟ್ಟಿನಲ್ಲಿ ಯಾವುದೋ ಔಷಧಿ ಕಲಸಿ ಅದ್ದುತ್ತಿದ್ದಳು. ಗಿಡದ ಜೊತೆ ಹುಳುಹುಪ್ಪಟೆ ಬರುತ್ತವಂತೆ, ಹಾಗೇ ಮೀನಿನ ತೊಟ್ಟಿಗೆ ಹಾಕಬಾರದಂತೆ. ನಾನು ಬಗ್ಗಿ ನೋಡಿದೆ. "ಅಜ್ಜೀ, ದೂರ ಇರು, ಇದೆಲ್ಲ ನಿಂಗೆ ಗೊತ್ತಾಗಲ್ಲ" ಅಂದಳು. ಗೊತ್ತಾಗಲ್ಲವಂತೆ! ಇವಳ ಅಪ್ಪ ಹುಟ್ಟುವ ಮೊದಲೇ ನಾನು ಈ ಕೆಲಸ ಮಾಡಿದ್ದೇನೆ. ಇದೇ ಕೆಲಸದ ದೆಸೆಯಿಂದ ಗಂಡನ ಮನೆಯ ಹೊಸ್ತಿಲು ದಾಟುವ ತನಕ ಹೋಗಿ, ದಾಟದೆ ಉಳಿದಿದ್ದೇನೆ.

ಆಗ ರಾಜಾಜಿನಗರ ಇನ್ನೂ ಹೊಸದು. ಸೈಟು ಅಂತ ಕಲ್ಲು ನೆಟ್ಟಿದ್ದರು, ಅಲ್ಲೊಂದು ಇಲ್ಲೊಂದು ಮನೆ ಎದ್ದಿತ್ತು, ನಡುವೆ ಇನ್ನೂ ರಾಗಿ ಬೆಳೆಯುತ್ತಿದ್ದರು. ನಮ್ಮದು ಹೆಂಚಿನ ಮನೆ. ಹಿಂದೆ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಒಂದು ಹಸು, ಪಕ್ಕದಲ್ಲಿ ಬಾವಿ. ಮನೆಯಲ್ಲಿ ಮೂವರೇ: ನಾನು, ನನ್ನ ಗಂಡ, ಅತ್ತೆ. ಗಂಡ ಬಿನ್ನಿಪೇಟೆಯ ಮಿಲ್ಲಿಗೆ ಹೋಗುತ್ತಿದ್ದರು. ಅತ್ತೆ ಹೇರೋಹಳ್ಳಿ ಕಡೆಯ ಒಕ್ಕಲು ಮನೆತನದವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಒಬ್ಬನೇ ಮಗನನ್ನು ಬೆಳೆಸಿದವರು. ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಕುಡುಗೋಲು. ನಾನು ಕೆಂಗೇರಿಯವಳು. ಮದುವೆಯಾಗಿ ಬಂದಿದ್ದೆ, ಇನ್ನೂ ಮಕ್ಕಳಾಗಿರಲಿಲ್ಲ.

ಮಿಲ್ಲಿನ ಒಬ್ಬ ಇಂಗ್ಲಿಷ್ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಕೆಲಸದವರಿಗೆ ಹಂಚಿದನಂತೆ. ಒಬ್ಬನಿಗೆ ಕುರ್ಚಿ, ಒಬ್ಬನಿಗೆ ಕೋಟು. ನನ್ನ ಗಂಡನಿಗೆ ಸಿಕ್ಕಿದ್ದು ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿ, ಅದರೊಳಗಿದ್ದ ಚಿನ್ನದ ಬಣ್ಣದ ಮೀನುಗಳ ಸಮೇತ. ತಳ್ಳುಗಾಡಿಯಿಂದ ಅದು ಇಳಿದಾಗ ಬೀದಿಯ ಜನವೆಲ್ಲ ಬಂದು ನಿಂತರು.

"ಏನಮ್ಮಾ, ಸಾರಿಗೆ ಹಾಕೋಕೆ ಮೀನು ಇನ್ನೂ ಸ್ವಲ್ಪ ದಪ್ಪ ಆಗ್ಬೇಕಾ?" ಅಂತ ಒಬ್ಬ ಕೇಳಿದ.

"ತಿನ್ನೋಕಾಗದ ಮೀನಿಗೆ ಮನೆ ಒಳಗೆ ಜಾಗ ಮಾಡವ್ನೆ ನನ್ ಮಗ. ಬುದ್ಧಿ ಎಲ್ಲಿ ಅಡ ಇಟ್ಟನೋ" ಅಂದರು ಅತ್ತೆ.

ಅಂದರು ಅಷ್ಟೇ. ವಾರ ಕಳೆಯುವುದರೊಳಗೆ ಅವರೇ ತೊಟ್ಟಿಯ ಮುಂದೆ ಕಾಲು ಚಾಚಿ ಕೂತು ಕಡಲೆಪುರಿ ಪುಡಿ ಮಾಡಿ ಉದುರಿಸುತ್ತಿದ್ದರು. "ಬಾರೋ ಕೆಂಪಾ, ನೀನು ತಿನ್ನೋ ಡೊಳ್ಳಾ" ಅಂತ ಮೀನಿನ ಜೊತೆ ಮಾತು ಬೇರೆ. ನನ್ನ ಜೊತೆ ಅಷ್ಟು ಮೃದುವಾಗಿ ಮಾತಾಡಿದ್ದು ನೆನಪಿಲ್ಲ.

ಸಾಹೇಬನ ತೊಟ್ಟಿಯಲ್ಲಿದ್ದ ಗಿಡಗಳು ದಾರಿಯಲ್ಲೇ ಒಣಗಿಹೋಗಿದ್ದವು. ಗಿಡವಿಲ್ಲದೆ ಮೀನು ಬೇಜಾರು ಮಾಡಿಕೊಳ್ಳುತ್ತವೆ ಅಂತ ಗಂಡನ ವಾದ. ಮೀನಿನ ಬೇಜಾರು ಅವರಿಗೆ ಹೇಗೆ ಕಾಣಿಸಿತೋ. ನಾನು ಕೆರೆ ಪಕ್ಕದಲ್ಲಿ ಬೆಳೆದವಳು, ನೀರೊಳಗೆ ಪಟ್ಟಿಯ ಹಾಗೆ ಉದ್ದಕ್ಕೆ ಬೆಳೆಯುವ ಹುಲ್ಲು ಯಾವುದು, ಬಾಲದ ಹಾಗೆ ಪೊದೆ ಕಟ್ಟುವುದು ಯಾವುದು ಅಂತ ನನಗೆ ಗೊತ್ತಿತ್ತು. ತಂದುಕೊಡುತ್ತೇನೆ ಅಂದೆ.

ತಂದ ದಿನ ನಾನು ಹೊರಗಿದ್ದೆ. ಈಗಿನ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ತಿಂಗಳ ಮುಟ್ಟಾದರೆ ಮನೆಯೊಳಗೆ ಬರುವಂತಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಒಲೆ, ಬಾವಿಹಗ್ಗ, ಉಪ್ಪಿನಕಾಯಿ ಜಾಡಿ, ಬಿತ್ತನೆ ಬೀಜ ಯಾವುದನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಕೆಡುತ್ತದೆ. ಬಟ್ಟೆ ಒಗೆಯಲು ಕೆರೆಗೆ ಹೋಗಬಹುದು. ಹಾಗೆ ಹೋದವಳು ಬಟ್ಟೆ ಒಗೆದು, ಒಂದು ತೆಕ್ಕೆ ಗಿಡ ಕಿತ್ತು ತಂದು ಜಗಲಿಯ ಮೇಲೆ ಇಟ್ಟೆ. ಗಂಡನ ಮುಖ ಅರಳಿತು. ಅತ್ತೆಯ ಮುಖ ಕಪ್ಪಿಟ್ಟಿತು.

"ಹೊರಗಿರೋಳು ಕಿತ್ತಿರೋ ಗಿಡಾನ ಹಂಗೇ ಹಾಕ್ತೀಯೇನೋ? ತಡಿ, ಶುದ್ಧ ಮಾಡ್ತೀನಿ."

ಶುದ್ಧ ಮಾಡುವುದೆಂದರೆ ನಮ್ಮಲ್ಲಿ ಒಂದೇ ದಾರಿ, ಗಂಜಲ. ಹಸುವಿನ ಉಚ್ಚೆ. ಸೂತಕ ಕಳೆದ ಮನೆಗೆ ಚಿಮುಕಿಸುವುದು ಅದನ್ನೇ, ಹೆತ್ತವಳ ಹಾಸಿಗೆಗೂ ಅದನ್ನೇ. ಅತ್ತೆ ಬೆಳಗಿನ ಗಂಜಲ ಹಿಡಿದಿಟ್ಟಿದ್ದರು. ಗಿಡಗಳನ್ನು ಅದರಲ್ಲಿ ಚೆನ್ನಾಗಿ ಮುಳುಗಿಸಿ ತೆಗೆದು ತೊಟ್ಟಿಯಲ್ಲಿ ನೆಟ್ಟರು. ಅದೂ ಸಾಲದೆಂದು ಚೊಂಬಿನಲ್ಲಿ ಉಳಿದಿದ್ದನ್ನೂ ತೊಟ್ಟಿಗೇ ಸುರಿದು ಕೈ ಮುಗಿದರು. ನಾನು ಕೊಟ್ಟಿಗೆಯ ಬಾಗಿಲಿನಿಂದ ನೋಡುತ್ತಿದ್ದೆ. ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಯಾರಿಗೆ ಕಾಣಬೇಕು? ದೇವರ ಮನೆಗೇ ಹಾಕುವ ವಸ್ತು ಅದು.

ಮಾರನೆಯ ಬೆಳಿಗ್ಗೆ ಮೀನುಗಳು ನೀರಿನ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಡೊಳ್ಳ ಹೊಟ್ಟೆ ಮೇಲಾಗಿ ತೇಲಿದ. ಅವನ ಹಿಂದೆ ಇನ್ನೂ ಕೆಲವು. ಗಂಡ ಓಡಿಬಂದು ಉಳಿದವನ್ನು ಬಾವಿನೀರಿನ ಗುಡಾಣಕ್ಕೆ ಹಾಕಿದರು, ಅವು ಬದುಕಿಕೊಂಡವು. ಗಿಡವನ್ನೆಲ್ಲ ತಿಪ್ಪೆಗೆ ಎಸೆದರು.

ಅತ್ತೆ ಅತ್ತರು. ನಿಜವಾಗಿಯೂ ಅತ್ತರು, ಅದನ್ನು ಇಲ್ಲ ಅನ್ನುವುದಿಲ್ಲ. ಅತ್ತು ಮುಗಿಸಿ ಮೂಗು ಒರೆಸಿಕೊಂಡು ಕೊಟ್ಟಿಗೆ ಕಡೆ ತಿರುಗಿದರು.

"ಗಂಜಲದಾಗೆ ಅದ್ದಿದ್ರೂ ನಿನ್ ಕೈ ದೋಷ ಹೋಗ್ಲಿಲ್ವಲ್ಲೇ! ಎಂಥ ಕೈಯೇ ನಿಂದು? ಇನ್ನೊಂದು ಸಲ ನೀನು ಹೊರಗಾಗೋದ್ರೊಳಗೆ ಕೆಂಗೇರಿಗೆ ಕಳಿಸ್ಬಿಡ್ತೀನಿ. ಅಲ್ಲೇ ಇರು."

ಅವತ್ತಿನಿಂದ ನನ್ನ ಕೈ ಕೆಟ್ಟ ಕೈ ಎಂದಾಯಿತು. ಸ್ನಾನ ಮಾಡಿ ಒಳಗೆ ಬಂದ ಮೇಲೂ ಅವರೆ ಬೀಜ ಮುಟ್ಟಬೇಡ, ಹಸುವಿನ ಕೆಚ್ಚಲು ಮುಟ್ಟಬೇಡ. ಒಕ್ಕಲು ಮನೆಯಲ್ಲಿ ಕೈ ಕೆಟ್ಟವಳಿಗೆ ಕಸಬರಿಕೆ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಅತ್ತೆ ನನ್ನ ತವರಿನ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು ಬಾಗಿಲ ಪಕ್ಕ ಇಟ್ಟರು.

ಗಂಡನನ್ನು ಕೇಳಿದೆ. "ನೀವೇನಂತೀರಿ?"

"ಅಮ್ಮನ ಸಿಟ್ಟು ಇಳಿಯೋತನಕ ಸ್ವಲ್ಪ ದಿನ ಹೋಗಿ ಬಾ ಕಣೇ. ಆಮೇಲೆ ಬಂದು ಕರ್ಕೊಂಡ್ ಹೋಗ್ತೀನಿ."

ಸ್ವಲ್ಪ ದಿನ! ಕೆಂಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಹೆಂಗಸನ್ನು ಹೀಗೇ ಸ್ವಲ್ಪ ದಿನಕ್ಕೆ ಅಂತ ಕಳಿಸಿದ್ದರು. ಅಣ್ಣನ ಮನೆಯಲ್ಲಿ ರಾಗಿ ಬೀಸುತ್ತಾ ಬೀಸುತ್ತಾ ಅವಳ ತಲೆ ನರೆಯಿತು. ಕರೆಯಲು ಯಾರೂ ಬರಲಿಲ್ಲ. ನನ್ನ ಟ್ರಂಕು ಹೊಸ್ತಿಲು ದಾಟಿದರೆ ವಾಪಸು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಅಂತ ದಿನ ತಳ್ಳಿದೆ.

ಕೊಟ್ಟಿಗೆ ಗುಡಿಸುವಾಗ ಯೋಚನೆ ಮಾಡಿದೆ. ಗಂಜಲ ಹರಿದುಹೋಗುವ ಕಾಲುವೆಯ ಅಂಚಿನಲ್ಲಿ ಹುಲ್ಲು ಸುಟ್ಟು ಹಳದಿಯಾಗಿತ್ತು. ಮೆಣಸಿನ ಸಸಿಗೆ ಗಂಜಲ ಹಾಕುವಾಗ ನಾವು ತುಂಬ ನೀರು ಬೆರೆಸುತ್ತೇವೆ. ಬರೀ ಗಂಜಲ ಹಾಕಿದರೆ ಸಸಿ ಕರಕಲು. ಇದು ಅತ್ತೆಗೂ ಗೊತ್ತು, ಊರಿಗೂ ಗೊತ್ತು. ಮೆಣಸಿನ ಸಸಿಯನ್ನೇ ಸುಡುವುದು ಮೀನನ್ನು ಬಿಡುತ್ತದೆಯೇ?

ಕೆರೆಯಿಂದ ಸಣ್ಣ ಮೀನುಗಳನ್ನೂ ಗಿಡವನ್ನೂ ತಂದೆ. ಕೊಟ್ಟಿಗೆಯ ಹಿಂದೆ ಎರಡು ಮಡಕೆ ಇಟ್ಟೆ. ಎರಡಕ್ಕೂ ಬಾವಿನೀರು, ಮೀನು, ಗಿಡ. ಒಂದಕ್ಕೆ ಮಾತ್ರ ಒಂದಿಷ್ಟು ಗಂಜಲ. ಗಂಜಲ ಹಾಕಿದ ಮಡಕೆಯ ಮೀನು, ನಾನು ಸಗಣಿ ಬಾಚಿ ಬರುವಷ್ಟರಲ್ಲಿ ಮಗುಚಿದ್ದವು. ಅಲ್ಲಿಗೆ ಒಂದು ಗೊತ್ತಾಯಿತು.

ಇನ್ನೊಂದು ಮಡಕೆಯ ಮೀನು ಚೆನ್ನಾಗಿದ್ದವು, ನನಗೆ ಹಿಗ್ಗು. ಆದರೆ ಸ್ವಲ್ಪ ದಿನ ಹೋಗುವಷ್ಟರಲ್ಲಿ ಒಂದು ಮೀನಿನ ಕಿವಿರಿನ ಹತ್ತಿರ ಕರಿದಾರದಂಥದ್ದು ನೇತಾಡುತ್ತಿತ್ತು. ಜಿಗಣೆ. ಗಿಡದ ಬುಡದಲ್ಲಿ ಅಂಟಿಕೊಂಡು ಬಂದಿತ್ತು. ಎಲೆಯಡಿಯಲ್ಲಿ ಬಸವನಹುಳದ ಮೊಟ್ಟೆ, ಲೋಳೆ ಲೋಳೆ. ಅಂದರೆ ಗಿಡವನ್ನು ತೊಳೆಯಬೇಕು ಅಂದದ್ದರಲ್ಲಿ ಅತ್ತೆಯದು ತಪ್ಪಿರಲಿಲ್ಲ. ಏನು ಹೋಗಲೆಂದು ತೊಳೆದರು, ಯಾವುದರಿಂದ ತೊಳೆದರು, ಅವೆರಡು ಮಾತ್ರ ತಪ್ಪು.

ಉಪ್ಪುನೀರಿನಲ್ಲಿ ಅದ್ದಿದೆ. ಜಿಗಣೆ ಬಿಟ್ಟಿತು, ಆದರೆ ಗಿಡ ಬೆಂದ ಸೊಪ್ಪಿನ ಹಾಗಾಯಿತು. ಆಗ ನೆನಪಾಗಿದ್ದು ಕಾಲರಾ. ನಾನು ಚಿಕ್ಕವಳಿದ್ದಾಗ ಊರಿಗೆ ಕಾಲರಾ ಬಂದಾಗ ಬಾವಿಗೆ ನೇರಳೆ ಹರಳು, ಪರ್ಮಾಂಗನೇಟು ಅಂತಾರಲ್ಲ ಅದನ್ನು, ಹಾಕಿದ್ದರು, ನೀರೆಲ್ಲ ಕೆಂಪಗಾಗಿತ್ತು. ಆಮೇಲೆ ಅದೇ ಬಾವಿಯಲ್ಲಿ ಕಪ್ಪೆಯೂ ಇತ್ತು, ಗೋಡೆಯ ಗಿಡವೂ ಇತ್ತು. ಆ ಹರಳು ನಮ್ಮ ಪಕ್ಕದ ಮನೆಯಲ್ಲಿತ್ತು.

ಪಕ್ಕದ ಮನೆಯವರು ದಾವಣಗೆರೆ ಕಡೆಯವರು, ಲಿಂಗವಂತರು. ಆ ಹೆಂಗಸಿಗೆ ನನಗಿಂತ ಸ್ವಲ್ಪ ವಯಸ್ಸು ಹೆಚ್ಚು, ನಗು ಅದಕ್ಕಿಂತ ಹೆಚ್ಚು. ಆಕೆ ಬಡಿಯುವ ಜೋಳದ ರೊಟ್ಟಿ ಅಂದರೆ ನಮ್ಮ ಅತ್ತೆಗೆ ಪ್ರಾಣ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸಾಕು, ಏನಾದರೂ ನೆಪ ಮಾಡಿಕೊಂಡು ಹೋಗುತ್ತಿದ್ದರು. ಆಕೆ ಗಂಡನ ಕಾಲಿನ ಹುಣ್ಣು ತೊಳೆಯಲು ಆ ಹರಳನ್ನು ಔಷಧಿ ಅಂಗಡಿಯಿಂದ ತರಿಸಿಟ್ಟಿದ್ದರು.

"ಮೀನಿನ ಗಿಡಕ್ಕೇನವ್ವಾ?" ಅಂತ ನಕ್ಕರು. "ತಗೋ, ತಗೋ. ಮೀನಿಗೂ ಹುಣ್ಣಾಗ್ಯಾವೇನು?"

ಮೊದಲ ಸಲ ಹರಳು ಜಾಸ್ತಿ ಬಿತ್ತು. ನೀರು ನೇರಳೆಹಣ್ಣಿನ ರಸದ ಹಾಗಾಗಿ, ಗಿಡವೂ ಸುಟ್ಟಿತು, ನನ್ನ ಬೆರಳೂ ಕಂದು ಬಣ್ಣಕ್ಕೆ ತಿರುಗಿತು. ಆಮೇಲೆ ಅಂದಾಜು ಸಿಕ್ಕಿತು. ಬೋಗುಣಿ ನೀರಿಗೆ ಎಳ್ಳಿನಷ್ಟು ಹರಳು, ನೀರು ತೆಳು ಗುಲಾಬಿ ಬಣ್ಣಕ್ಕೆ ಬರಬೇಕು, ಒಳಗೆ ಕೈ ಇಟ್ಟರೆ ಗೆರೆ ಕಾಣುವಷ್ಟು ತಿಳಿಯಾಗಿರಬೇಕು. ಗಿಡವನ್ನು ಬಿಡಿಸಿ ಅದ್ದುವುದು, ಕೊಳೆತ ಎಲೆ ಕಿತ್ತುಹಾಕುವುದು. ಜಿಗಣೆ ತಾನಾಗಿ ಬಿಟ್ಟು ತಳಕ್ಕೆ ಬೀಳುತ್ತಿತ್ತು. ಬಸವನಹುಳದ ಮೊಟ್ಟೆ ಮಾತ್ರ ಯಾವ ಔಷಧಿಗೂ ಜಗ್ಗುವುದಿಲ್ಲ, ಅದನ್ನು ಉಗುರಿನಿಂದಲೇ ಕೆರೆಯಬೇಕು. ಆಮೇಲೆ ಬಣ್ಣ ಹೋಗುವ ತನಕ ಬೇರೆ ನೀರಿನಲ್ಲಿ ಜಾಲಾಡಬೇಕು. ಹಾಗೆ ತೊಳೆದ ಗಿಡದ ಜೊತೆ ನನ್ನ ಮಡಕೆಯ ಮೀನುಗಳು ಹಾಯಾಗಿದ್ದವು.

ಅಷ್ಟಕ್ಕೇ ಹೋಗಿ ಅತ್ತೆಗೆ ಹೇಳಬಹುದಿತ್ತು. ಹೇಳಲಿಲ್ಲ. "ಮೈಲಿಗೆ ಇಲ್ಲದಾಗ ಮಾಡಿದೆ, ಅದಕ್ಕೆ ಬದುಕಿದವು" ಅನ್ನುತ್ತಿದ್ದರು. ನಾನು ಹೊರಗಾಗುವ ದಿನಕ್ಕೆ ಕಾದೆ. ಆ ದಿನಕ್ಕೆ ಹಾಗೆ ಕಾದ ಹೆಂಗಸು ಆ ಬೀದಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಹೊರಗಾದೆ. ಬೆಳಿಗ್ಗೆಯೇ ಕೆರೆಗೆ ಹೋಗಿ ಹೊಸ ಗಿಡ ಕಿತ್ತು ತಂದೆ. ಬಾಗಿಲ ಪಕ್ಕದಲ್ಲಿದ್ದ ನನ್ನ ಟ್ರಂಕನ್ನು ಜಗಲಿಗೆ ಎಳೆದು, ಅದರ ಮೇಲೆ ಬೋಗುಣಿ ಇಟ್ಟು, ಬೀದಿಯಲ್ಲಿ ಹೋಗಿ ಬರುವವರೆಲ್ಲ ನೋಡುವ ಹಾಗೆ ಗುಲಾಬಿ ನೀರು ಕಲಸಿದೆ. ಅತ್ತೆ ಹೊರಗೆ ಬಂದರು.

"ಏನೇ ಇದು, ಮಾಟ ಮಾಡ್ತಿದ್ದೀಯ?"

"ಗಿಡ ತೊಳೀತಿದೀನಿ. ನಾನು ಇವತ್ತು ಹೊರಗೆ. ಇವತ್ತೇ, ಈ ಕೈಯಲ್ಲೇ ತೊಟ್ಟಿಗೆ ಹಾಕ್ತೀನಿ."

"ಮುಟ್ಟಿ ನೋಡು! ಕೈ ಮುರೀತೀನಿ."

"ಒಂದು ಮೀನು ಸತ್ರೂ ಈ ಟ್ರಂಕು ನಾನೇ ತಲೆ ಮೇಲೆ ಇಟ್ಕೊಂಡು ಕೆಂಗೇರಿಗೆ ನಡೀತೀನಿ. ಸಾಯ್ದಿದ್ರೆ ನೀವು ಗಂಜಲದ ಚೊಂಬು ತೊಟ್ಟಿ ಹತ್ರ ತರ್ಬಾರ್ದು. ನಾನೂ ಇನ್ಮೇಲೆ ಕೊಟ್ಟಿಗೇಲಿ ಮಲಗಲ್ಲ. ಒಪ್ಪಿಗೆ ಇದ್ರೆ ದಾರಿ ಬಿಡಿ."

ಬೀದಿಯಲ್ಲಿ ಜನ ನಿಂತಿದ್ದರು. ಪಕ್ಕದ ಮನೆಯವರು ಗೋಡೆಯ ಮೇಲೆ ಮೊಣಕೈ ಊರಿ, "ಬಿಡ್ರಿ ಅಮ್ಮಾರ, ಸತ್ರ ನಿಮಗ ಲಾಭ, ಸೊಸಿ ತಾನಾಗೇ ಹೊಂಟ್ಹೋಗ್ತಾಳ" ಅಂದರು. ಅತ್ತೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ಗಂಡ ಮೊದಲೇ ತೊಟ್ಟಿಯನ್ನು ತಿಕ್ಕಿ ಹೊಸ ನೀರು ತುಂಬಿ, ಉಳಿದ ಮೀನುಗಳನ್ನು ಅದಕ್ಕೆ ಬಿಟ್ಟಿದ್ದರು. ನಾನು ಒಳಗೆ ನಡೆದೆ. ಮುಟ್ಟಾದ ಮೈಯಲ್ಲಿ, ಒದ್ದೆ ಸೀರೆಯಲ್ಲಿ, ನಡುಮನೆಗೆ. ಮೊಣಕೈ ತನಕ ಕೈ ಮುಳುಗಿಸಿ ಒಂದೊಂದೇ ಗಿಡವನ್ನು ಮರಳಿನಲ್ಲಿ ನೆಟ್ಟೆ. ಅವಸರ ಮಾಡಲಿಲ್ಲ. ಕೆಂಪ ಬಂದು ನನ್ನ ಬೆರಳನ್ನು ಮೂಸಿ ಹೋದ.

ಮಾರನೆಯ ಬೆಳಿಗ್ಗೆ ಅಷ್ಟೂ ಮೀನು ಬದುಕಿದ್ದವು. ಗಿಡದ ನಡುವೆ ನುಗ್ಗಿ ನುಗ್ಗಿ ಆಡುತ್ತಿದ್ದವು. ಅತ್ತೆ ತೊಟ್ಟಿಯ ಮುಂದೆ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು, ಇಡೀ ಮನೆಗೆ ಉಪಕಾರ ಮಾಡುವವರ ಹಾಗೆ ಹೇಳಿದರು:

"ಔಷಧಿ ಗುಣ. ಗಿಡದ ಜೊತೆ ನಿನ್ ಕೈನೂ ಅದ್ರಲ್ಲಿ ಮುಳುಗಿತ್ತಲ್ಲ, ದೋಷ ತೊಳ್ಕೊಂಡ್ ಹೋಗೈತೆ. ಸರಿ, ಇನ್ಮೇಲೆ ಕೊಟ್ಟಿಗೆ ಬೇಡ. ತಿಂಗ್ಳು ತಿಂಗ್ಳೂ ಆ ಕೆಂಪು ನೀರಲ್ಲಿ ಕೈ ಅದ್ದಿ ಒಳಗೆ ಬಾ. ಈಗ್ಲೂ ಒಂದ್ಸಲ ಅದ್ದು."

ಗಂಡನಿಗೆ ಜೀವ ಬಂದ ಹಾಗಾಯಿತು. "ಅದ್ದಿಬಿಡು ಮಾರಾಯ್ತಿ. ನಿಂದೇನ್ ಹೋಗುತ್ತೆ? ಗೆದ್ದಲ್ಲ."

ಗೆದ್ದೆನಂತೆ. ಬೋಗುಣಿ ಇನ್ನೂ ಟ್ರಂಕಿನ ಮೇಲೆಯೇ ಇತ್ತು. ಅದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಳಗೆ ಚಾಪೆ, ಗಂಡನ ಸಮಾಧಾನ, ಎಲ್ಲ ಸಿಗುತ್ತಿತ್ತು. ಆದರೆ ಅದ್ದಿದ ದಿನವೇ ನನ್ನ ಕೈಯಲ್ಲಿ ಏನೋ ಇತ್ತು ಎಂದು ನಾನೇ ಒಪ್ಪಿದ ಹಾಗೆ. ನಾಳೆ ಹಸು ಕರು ಹಾಕಿ ಆ ಕರು ಸತ್ತರೆ, "ಸರಿಯಾಗಿ ಅದ್ದಿದ್ಯಾ?" ಅನ್ನುವ ಮಾತು ಬರುತ್ತಿತ್ತು.

"ಗಿಡದಲ್ಲಿ ಜಿಗಣೆ ಇತ್ತು, ತೊಳ್ದೆ" ಅಂದೆ. "ನನ್ ಕೈಯಲ್ಲಿ ಏನಿದೆ ತೋರ್ಸಿ, ತೊಳೀತೀನಿ."

ಕೈ ಚಾಚಿದೆ. ಉಗುರೆಲ್ಲ ಔಷಧಿಯ ಕಂದು ಬಣ್ಣ. ಬೋಗುಣಿಯ ನೀರನ್ನು ಎತ್ತಿ ಬೀದಿಗೆ ಚೆಲ್ಲಿದೆ.

"ಎಷ್ಟು ಕೊಬ್ಬು ನೋಡೋ ಇವಳಿಗೆ!" ಅತ್ತೆ ಮಗನ ಕಡೆ ತಿರುಗಿದರು. "ಇವಳು ಅದ್ದೋತನಕ ಈ ಮನೇಲಿ ಒಲೆ ಉರಿಯಲ್ಲ. ನಾನು ಉಪವಾಸ ಸಾಯ್ತೀನಿ."

ನಾನು ಖಾಲಿ ಬೋಗುಣಿಯನ್ನು ಪಕ್ಕಕ್ಕಿಟ್ಟು ಟ್ರಂಕಿನ ಮೇಲೆ ಕೂತೆ. ಹೋಗುವುದೂ ಇಲ್ಲ, ಅದ್ದುವುದೂ ಇಲ್ಲ. ಗಂಡ ಇಬ್ಬರ ಮುಖವನ್ನೂ ನೋಡಿ, ಖಾಲಿ ಊಟದ ಡಬ್ಬಿ ಅಲ್ಲಾಡಿಸಿಕೊಂಡು ಮಿಲ್ಲಿಗೆ ಹೋದರು. ಬಿಸಿಲು ಏರಿತು. ನನಗೂ ಹಸಿವು. ಅತ್ತೆ ಒಳಗೆ ಮಲಗಿ ನರಳುತ್ತಿದ್ದರು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ.

ಅಷ್ಟರಲ್ಲಿ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು.

ಅತ್ತೆಯ ನರಳಾಟ ನಿಂತಿತು. ಸ್ವಲ್ಪ ಹೊತ್ತಿಗೆ ಸೆರಗು ಸರಿಮಾಡಿಕೊಂಡು, ನನ್ನ ಕಡೆ ನೋಡದೆ, ಗೋಡೆಯ ಹತ್ತಿರ ಹೋಗಿ ನಿಂತರು. ನಮ್ಮ ಮನೆಯ ಒಲೆ ತಾನೇ ಉರಿಯಬಾರದು, ಪಕ್ಕದ ಮನೆಯದ್ದಕ್ಕೆ ಏನು?

"ಏನಮ್ಮಾ, ರೊಟ್ಟಿ ಆಯ್ತಾ?"

"ಆತ್ರೀ ಅಮ್ಮಾರ, ಬಿಸಿ ಐತಿ, ಕೊಡ್ತೀನಿ. ಆದ್ರ ಮೊದಲ ಹೇಳಿಬಿಡ್ತೀನಿ, ಆಮ್ಯಾಗ ಬೈಬ್ಯಾಡ್ರಿ. ನಾನೂ ಇವತ್ತು ನಿಮ್ಮ ಸೊಸಿ ಹಂಗ ಅದೀನಿ."

"ಅಂದ್ರೆ? ಹೊರಗಾ? ಹೊರಗಾಗಿ ಒಲೆ ಮುಂದೆ ಕೂತಿದ್ದೀಯಾ?"

"ನಾವು ಲಿಂಗ ಕಟ್ಟಿದವ್ರು. ನಮ್ಮನ್ಯಾಗ ಮುಟ್ಟಿನ ಮೈಲಿಗಿ ಹಿಡಿಯಂಗಿಲ್ರಿ."

"ಹಂಗಾದ್ರೆ... ಇಷ್ಟು ದಿನ ನಾನು..."

"ಇಷ್ಟು ದಿನಾನೂ ತಿಂದೀರಿ. ಶೇಂಗಾ ಚಟ್ನಿ ಬ್ಯಾರೆ ಕೇಳಿ ಹಾಕಿಸ್ಕೊಂಡೀರಿ. ಏನಾತ್ರೀ ನಿಮಗ? ಗುಂಡುಕಲ್ಲು ಆಗೀರಿ. ಕೊಡ್ಲೇನು, ಬ್ಯಾಡೇನು?"

ನಾನು ನಗಲಿಲ್ಲ. ತುಟಿ ಕಚ್ಚಿಕೊಂಡು ಕೂತೆ. ಅತ್ತೆ ಗೋಡೆಯಿಂದ ಕೈ ತೆಗೆದರು. ರೊಟ್ಟಿ ಇಸಿದುಕೊಳ್ಳಲಿಲ್ಲ. ವಾಪಸು ಬಂದು ನನ್ನ ಮುಂದೆ ನಿಂತರು. ಬಾಗಿಲಿನಿಂದ ತೊಟ್ಟಿ ಕಾಣುತ್ತಿತ್ತು, ಅದರ ಕಡೆ ನೋಡಿದರು. ಆಮೇಲೆ ನನ್ನ ಉಗುರಿನ ಕಡೆ.

"ಒಲೆ ಹಚ್ಚು" ಅಂದರು.

"ನಾನು ಅದ್ದಲ್ಲ."

"ಅದ್ದು ಅಂದ್ನೇನೇ? ಒಲೆ ಹಚ್ಚು ಅಂದೆ. ಹೊಟ್ಟೆ ಹಸೀತೈತೆ."

ಎದ್ದೆ. ಟ್ರಂಕನ್ನು ಎಳೆದುಕೊಂಡೇ ಒಳಗೆ ಹೋಗಿ ಮಂಚದ ಕೆಳಗೆ ತಳ್ಳಿದೆ. ಅದರ ಮುಚ್ಚಳದ ಮೇಲೆ ಬೋಗುಣಿ ಕೂತಿದ್ದ ಜಾಗದಲ್ಲಿ ಕಂದು ಬಣ್ಣದ ಉಂಗುರ ಇವತ್ತಿಗೂ ಇದೆ. ಬೇಕಾದರೆ ಮೊಮ್ಮಗಳು ಬಂದು ನೋಡಿಕೊಳ್ಳಲಿ. ಒಲೆ ಹಚ್ಚಿದೆ. ಎಸರು ಕಾಯಿಸಿ, ಹಿಟ್ಟು ಹಾಕಿ, ಅದೇ ಕೈಯಲ್ಲಿ ಮುದ್ದೆ ಕಟ್ಟಿ, ಸೊಪ್ಪಿನ ಸಾರು ಮಾಡಿ ಬಡಿಸಿದೆ. ಅತ್ತೆ ತಲೆ ಎತ್ತದೆ ಉಂಡರು. ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಸಾರಿಗೆ ಉಪ್ಪು ಕಮ್ಮಿ ಅಂದರು. ಕಮ್ಮಿಯೇ ಇತ್ತು.